ಬೋರ್ಡಿಲ್ಲದ ಹಕ್ಕಿ

ಮೃಗಾಲಯಕ್ಕೆ ಹೋದರೆ ನಾನು ಮೊದಲು ಹಕ್ಕಿಯನ್ನು ನೋಡುವುದಿಲ್ಲ, ಬೋರ್ಡು ಓದುತ್ತೇನೆ. ಓದಿ, ನಂಬುವುದಿಲ್ಲ. ಆಮೇಲೆ ಬೋನಿನ ಕಡೆ ತಿರುಗಿ, ಪೊಲೀಸರು ಗುರುತು ಹಿಡಿಯಲು ಕರೆಸಿದ ಸಾಕ್ಷಿಯ ಹಾಗೆ, ಹಕ್ಕಿಯನ್ನೂ ಬೋರ್ಡಿನ ಚಿತ್ರವನ್ನೂ ಹೋಲಿಸಿ ಹೋಲಿಸಿ ನೋಡುತ್ತೇನೆ. ಬೋರ್ಡಿನಲ್ಲಿ ಬರೆದ ಹಾಗೆ ಹಕ್ಕಿ ಇಲ್ಲದಿದ್ದರೆ ಅನುಮಾನ ಬರುತ್ತದೆ. ಇದ್ದರೆ ಇನ್ನೂ ಹೆಚ್ಚು ಅನುಮಾನ ಬರುತ್ತದೆ. ಇಷ್ಟು ಸರಿಯಾಗಿ ಹೊಂದಿಕೊಳ್ಳಬೇಕಾದರೆ ಇದರಲ್ಲೇನೋ ಇದೆ!

ಈ ಗುಣ ನನಗೆ ಹುಟ್ಟಿನಿಂದ ಬಂದದ್ದು. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆ ನಮ್ಮದು. ಅಲ್ಲಿ ನೂಲು ಬಂದರೆ ಎಳೆದು ನೋಡುತ್ತಾರೆ, ಜರಿ ಬಂದರೆ ಉಗುರಿನಲ್ಲಿ ಕೆರೆದು ನೋಡುತ್ತಾರೆ, ಬಣ್ಣ ಹಾಕಿದ ರೇಷ್ಮೆ ಬಂದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ತಿಕ್ಕಿ ನೋಡುತ್ತಾರೆ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮಾತ್ರ ಒಳಕ್ಕೆ, ಹತ್ತಿದರೆ ತಂದವನ ಜೊತೆಯಲ್ಲೇ ಹೊರಕ್ಕೆ. ಇದರ ಮೇಲೆ ನನ್ನನ್ನು ಸಾಕಿದ್ದು ನಮ್ಮ ತಾಯತ್ತೆ. ನಮ್ಮಪ್ಪನ ಅಕ್ಕ. ಶಾಗ್ಯ ಎಂಬ ಊರಿಗೆ ಕೊಟ್ಟಿದ್ದರು, ಗಂಡ ತೀರಿದ ಮೇಲೆ ತವರಿಗೆ ಬಂದವಳು ತಾಯಿಲ್ಲದ ನನ್ನನ್ನು ಮಡಿಲಿಗೆ ಹಾಕಿಕೊಂಡಳು. ನಾನು ಆಡುವ ಮಾತೆಲ್ಲ ಅವಳದೇ, ಪಡುವ ಅನುಮಾನವೂ ಅವಳದೇ. ಹಾಲಿನವನು ನಕ್ಕರೆ ಹಾಲಿಗೆ ನೀರು ಹಾಕಿದ್ದಾನೆ ಎನ್ನುವಳು, ಸಿಡುಕಿದರೆ ಸಿಕ್ಕಿಬಿದ್ದೆನೆಂದು ಸಿಡುಕುತ್ತಿದ್ದಾನೆ ಎನ್ನುವಳು. ಹಾಗಾದರೆ ಅವನು ಹೇಗಿರಬೇಕು ಅತ್ತೆ ಎಂದು ಒಮ್ಮೆ ಕೇಳಿದ್ದೆ. "ಎಂಗಾರ ಇರ್ಲಿ. ನಾವು ನೋಡ್ತಾ ಇರ್ಬೇಕು" ಎಂದಿದ್ದಳು.

ಹೋದ ಬೇಸಿಗೆಯಲ್ಲಿ ನಾವು ಮೈಸೂರಿನ ಜೂಗೆ ಹೋದದ್ದು ಗಂಡು ನೋಡುವುದಕ್ಕೆ.

ನಗಬೇಡಿ. ನನ್ನ ಮಗಳು ಸುಮಾ ಸೀರೆಯ ಅಂಚಿಗೂ ಸೆರಗಿಗೂ ಕಂಪ್ಯೂಟರಿನಲ್ಲಿ ಡಿಸೈನು ಬರೆಯುತ್ತಾಳೆ. ಯಳಂದೂರಿನಲ್ಲಿ ಪಂಪಿನ ಮೋಟಾರು ಸುತ್ತುವ ಅಂಗಡಿ ಇಟ್ಟುಕೊಂಡಿರುವ ಮಂಜುನಾಥ ಎಂಬ ಹುಡುಗನ ಸಂಬಂಧ ಬಂದಿತ್ತು. ಫೋಟೋ ಆಯಿತು, ಜಾತಕ ಆಯಿತು, ಹುಡುಗ ಹುಡುಗಿ ಫೋನಿನಲ್ಲಿ ಅಷ್ಟಿಷ್ಟು ಮಾತಾಡಿಕೊಂಡದ್ದೂ ಆಯಿತೆಂದು ನನ್ನ ಹೆಂಡತಿ ಹೇಳಿದಳು. ಅಷ್ಟಿಷ್ಟು ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಫೋನು ಕೆಳಗಿಟ್ಟ ಮೇಲೂ ಮಗಳು ಒಬ್ಬಳೇ ನಗುತ್ತಿದ್ದುದನ್ನು ನೋಡಿದವನಿಗೆ ಲೆಕ್ಕ ಬೇಕಾಗಿರಲಿಲ್ಲ. ಉಳಿದದ್ದು ಒಂದೇ. ತಾಯತ್ತೆ "ಹೂಂ" ಅನ್ನಬೇಕು. ಅವಳು ಹೂಂ ಅನ್ನದೆ ನಮ್ಮ ಮನೆಯಲ್ಲಿ ಮಗ್ಗಕ್ಕೆ ಹಾಸುನೂಲು ಹಾಕಿದ್ದಿಲ್ಲ, ಬಾಗಿಲಿಗೆ ಹೊಸ ಚಿಲಕ ಹಾಕಿದ್ದಿಲ್ಲ. ಅವಳು ಉಹೂಂ ಅಂದರೆ ಸುಮಾ ಎದುರಾಡುವ ಹುಡುಗಿಯಲ್ಲ, ಮರೆಯುವ ಹುಡುಗಿಯೂ ಅಲ್ಲ. ನನಗೆ ಆ ಎರಡನೆಯದರ ಭಯ.

ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗುವ ಶಾಸ್ತ್ರ ಹಳೆಯದಾಯಿತು, ಒಪ್ಪಿಗೆಯಾಗದಿದ್ದರೆ ಎರಡೂ ಕಡೆಗೆ ಮುಜುಗರ, ಮೈಸೂರಿನ ಜೂನಲ್ಲಿ ಸೇರೋಣ ಎಂದವರು ಗಂಡಿನ ಕಡೆಯವರು. ಸಂಬಂಧ ಕೂಡದಿದ್ದರೂ ಜಿರಾಫೆಯನ್ನಾದರೂ ನೋಡಿದ ಹಾಗಾಗುತ್ತದೆ ಎಂದು ಹುಡುಗನ ತಂದೆ ಸಿದ್ದರಾಜು ಫೋನಿನಲ್ಲಿ ನಕ್ಕರು. ಆ ನಗು ನನಗೆ ಸರಿಬೀಳಲಿಲ್ಲ. ತಾಯತ್ತೆಗಂತೂ ಸುತರಾಂ ಬೀಳಲಿಲ್ಲ.

"ಮನೆ ಬುಟ್ಟು ಬಯಲಲ್ಲಿ ಯಾಕ್ಲಾ ಕರೀತಾವ್ರೆ? ಮನೇಲಿ ಏನೋ ಅದೆ. ಇಲ್ಲ, ಇರಬೇಕಾದ್ದು ಏನೋ ಇಲ್ಲ."

ಹಾಗಾಗಿ ಟಿಕೆಟ್ಟು ಕೊಂಡು ಗೇಟು ದಾಟುವಾಗ ನಮ್ಮ ಕಡೆಯ ಎಲ್ಲ ಕಣ್ಣುಗಳೂ ಚೂಪಾಗಿದ್ದವು. ಹುಡುಗ ಬಂದ. ಕಾಲಿಗೆ ಬಿದ್ದ. ತಾಯತ್ತೆ ಆಶೀರ್ವಾದ ಮಾಡುವ ನೆಪದಲ್ಲಿ ಅವನ ತಲೆಗೂದಲನ್ನು ಬೇರಿನ ತನಕ ಬಿಡಿಸಿ ನೋಡಿದಳು. ನನಗೆ ಗೊತ್ತಾಯಿತು, ಹುಡುಗನಿಗೂ ಗೊತ್ತಾಯಿತು. ಅವನು ಏಳುವಾಗ ನಗು ತಡೆದುಕೊಂಡಿದ್ದ. ಅಲ್ಲಿಗೆ ನನಗೆ ಹುಡುಗ ಹಿಡಿಸಿಬಿಟ್ಟ. ಹಿಡಿಸಿದ ಕೂಡಲೇ, ಇಷ್ಟು ಬೇಗ ಹಿಡಿಸಿದನಲ್ಲ ಎಂದು ಅನುಮಾನವೂ ಬಂತು.

ಮೊದಲು ಸಿಕ್ಕಿದ್ದು ಮಕಾವ್ ಗಿಳಿಗಳು. ನಮ್ಮ ಹೊಲದ ಗಿಳಿ ಗೊತ್ತಲ್ಲ, ಹಸಿರು ಮೈ, ಕೆಂಪು ಕೊಕ್ಕು, ತೆನೆ ಕದ್ದು ಓಡುವ ಆತುರ. ಇದು ಹಾಗಲ್ಲ. ಕೆಂಪು, ಹಳದಿ, ನೀಲಿ, ಒಂದರ ಪಕ್ಕದಲ್ಲಿ ಇನ್ನೊಂದು ಕಲೆಸದ ಹಾಗೆ. ಪರದೇಶದ ಕಾಡಿನದೆಂದು ಬೋರ್ಡು ಹೇಳುತ್ತಿತ್ತು. ತಾಯತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಕೆ ಬಣ್ಣ ಹಾಕವ್ರೆ ಕಣ್ಲಾ ನಾಗರಾಜ."

"ಇಲ್ಲ ಅತ್ತೆ, ಹುಟ್ಟಾ ಹಾಗೇ ಅಂತೆ."

"ಯಾರ್ ಅಂದೋರು? ಬೋರ್ಡಾ?"

ಬೋನಿನ ಸರಳಿನ ಹೊರಗೆ ಒಂದು ಉದುರಿದ ಗರಿ ಬಿದ್ದಿತ್ತು, ಅರ್ಧ ನೀಲಿ, ಅರ್ಧ ಹಳದಿ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಬಾಗಿ ತೆಗೆದುಕೊಂಡಳು. ಕೈಚೀಲದಿಂದ ಬಿಳಿ ಕರ್ಚೀಫು ಬಂತು. ನೀರಿನ ಬಾಟಲಿ ಬಂತು. ಬೀಗರಾಗಬೇಕಾದವರ ಎದುರಿಗೆ, ಜೂನ ನಟ್ಟನಡುವೆ, ನಮ್ಮ ತಾಯತ್ತೆ ಪರದೇಶದ ಗಿಳಿಯ ಗರಿಯನ್ನು ಒದ್ದೆ ಬಟ್ಟೆಯಲ್ಲಿಟ್ಟು ಮಗ್ಗದ ಮನೆಯ ಗತ್ತಿನಲ್ಲಿ ತಿಕ್ಕತೊಡಗಿದಳು. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಇನ್ನೊಮ್ಮೆ ತಿಕ್ಕಿದಳು. ಆಗಲೂ ಬಿಳಿ. ಗರಿಯನ್ನು ಬೆಳಕಿಗೆ ಹಿಡಿದು, ಕೆಲಸಗಾರನೊಬ್ಬ ಇನ್ನೊಬ್ಬ ಕೆಲಸಗಾರನಿಗೆ ಕೊಡುವ ಮರ್ಯಾದೆಯಿಂದ ಹೇಳಿದಳು: "ಗಟ್ಟಿ ಬಣ್ಣ. ಯಾರ ತಾವ ಆಕ್ಸವ್ರೋ, ಕೇಳ್ಬೇಕಾಗಿತ್ತು."

ಕಾವಲಿನವರು ಬಂದು ಗರಿ ಎತ್ತಿಕೊಂಡು ಹೋಗುವ ಹಾಗಿಲ್ಲಮ್ಮ ಎಂದರು. "ನಂಗ್ಯಾಕಪ್ಪ, ಪರೀಕ್ಸೆ ಆಯ್ತು" ಎಂದು ಇದ್ದಲ್ಲಿಯೇ ಇಟ್ಟಳು.

ಹಾಗೆ ನೋಡಿದರೆ ಅವಳ ಅನುಮಾನಕ್ಕೆ ಬೋರ್ಡುಗಳೇ ಪುಷ್ಟಿ ಕೊಡುತ್ತವೆ. ಮುಂದಿನ ಕೊಳದಲ್ಲಿ ರಾಜಹಂಸಗಳಿದ್ದವು. ಫ್ಲೆಮಿಂಗೋ ಅಂದರೆ ಅವೇ. ಒಂಟಿಕಾಲಿನಲ್ಲಿ ನಿಂತು ತಲೆಯನ್ನು ತಲೆಕೆಳಗು ಮಾಡಿ ಕೆಸರು ಸೋಸುತ್ತವೆ. ಅವುಗಳ ಗುಲಾಬಿ ಬಣ್ಣ ಹುಟ್ಟಿನದಲ್ಲವಂತೆ, ತಿನ್ನುವ ಸೀಗಡಿ, ಪಾಚಿಗಳಿಂದ ಬರುವುದಂತೆ. ಮರಿಗಳು ಬೂದಿ ಬಣ್ಣ. ನಾನು ಇದನ್ನು ಓದಿ ಹೇಳಿದಾಗ ತಾಯತ್ತೆ ನನ್ನನ್ನು ನೋಡಿದ ನೋಟದಲ್ಲಿ "ಈಗೇನಂತೀಯಾ" ಎನ್ನುವುದಿತ್ತು. ನನಗೋ ಬೇರೆಯೇ ಚಿಂತೆ. ನಮ್ಮ ಹಿರಿಯರು ಹೇಳುತ್ತಿದ್ದ ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತಿತ್ತು. ನಮ್ಮ ಸೀರೆಯ ಅಂಚಿನಲ್ಲಿ ತಲೆಮಾರುಗಳಿಂದ ನೇಯುತ್ತಿರುವ ಹಂಸದ ಬಾಲ ನವಿಲಿನದು, ಕೊಕ್ಕು ಗಿಳಿಯದು, ಗತ್ತು ಅಳಿಯನದು. ಇಲ್ಲಿ ನೋಡಿದರೆ ಹಂಸವೆಂಬುದು ಕೆಸರಿನಲ್ಲಿ ಮುಖವಿಟ್ಟುಕೊಂಡಿದೆ. ಪಕ್ಕದ ಕೊಳದಲ್ಲಿ ಕಪ್ಪು ಹಂಸವೇ ಇದೆ. ಬೆಳುದಿಂಗಳು ಕುಡಿಯುವ ಚಕೋರಕ್ಕೆ ಇಲ್ಲಿ ಬೋನಿಲ್ಲ, ಮಳೆಹನಿಗೆ ಬಾಯಿ ತೆರೆದು ಕೂರುವ ಚಾತಕಕ್ಕಿಲ್ಲ, ಎರಡು ತಲೆಯ ಗಂಡಭೇರುಂಡಕ್ಕಂತೂ ಇಲ್ಲವೇ ಇಲ್ಲ. ಅದರದು ಇಷ್ಟು ವರ್ಷ ಸರ್ಕಾರದ ಮುದ್ರೆಯ ಮೇಲೆ ಖಾಯಂ ನೌಕರಿ, ಇಲ್ಲಿಗೆ ಬರಲು ರಜಾ ಸಿಗುವುದಿಲ್ಲ. ಕವಿಗಳು ಸುಳ್ಳು ಹೇಳಿದರೋ ಮೃಗಾಲಯದವರು ಹಿಡಿಯಲಾಗದೆ ಸುಮ್ಮನಾದರೋ ಎಂದು ನಾನು ಇವತ್ತಿಗೂ ತೀರ್ಮಾನಕ್ಕೆ ಬಂದಿಲ್ಲ.

ಈ ನಡುವೆ ನಿಜವಾದ ಪರೀಕ್ಷೆ ಬೇರೆಯೇ ನಡೆಯುತ್ತಿತ್ತು. ತಾಯತ್ತೆ ಹೆಜ್ಜೆಗೊಂದು ಪ್ರಶ್ನೆ ಹಾಕುತ್ತಿದ್ದಳು, ಸಿದ್ದರಾಜು ಉತ್ತರಿಸುತ್ತಿದ್ದರು. ಅಂಗಡಿ ಸ್ವಂತದ್ದೋ, ನೀರು ಬೋರಿನದೋ ನಲ್ಲಿಯದೋ, ಹುಡುಗ ರಾತ್ರಿ ಎಷ್ಟೊತ್ತಿಗೆ ಮನೆಗೆ ಬರುತ್ತಾನೆ. ಎಲ್ಲಕ್ಕೂ ಸಲೀಸಾಗಿ ಉತ್ತರ ಬಂತು. ಒಂದಕ್ಕೆ ಮಾತ್ರ ಬರಲಿಲ್ಲ.

"ನಿಮ್ಮನೇಲಿ ಇರೀಕ್ರು ಅಂತ ಯಾರವ್ರೆ?"

"ಅಗಾ ಅಲ್ನೋಡಿ ಅಮ್ಮಾ, ಎಮು!" ಎಂದರು ಸಿದ್ದರಾಜು.

ಎಮು ನೋಡಿದೆವು. ಒಣಹುಲ್ಲಿನ ಬಣವೆಗೆ ಕಾಲು ಬಂದ ಹಾಗಿತ್ತು. ಈ ಜಾತಿಯಲ್ಲಿ ಮೊಟ್ಟೆಗೆ ಕಾವು ಕೊಡುವುದು ಗಂಡು, ಮರಿ ಸಾಕುವುದೂ ಗಂಡೇ ಎಂದು ಬರೆದಿತ್ತು. "ಮತ್ತೆ ಅವ್ವ ಎಲ್ಲಿಗೋದಳಂತೆ?" ಎಂದು ತಾಯತ್ತೆ ಕೇಳಿದಳು. "ತವ್ರಿಗೇನೋ ಬುಡಿ ಅಮ್ಮಾ" ಎಂದು ಹುಡುಗನ ತಾಯಿ ನಕ್ಕರು. ತಾಯತ್ತೆಯೂ ನಕ್ಕಳು. ನಕ್ಕು ಮುಗಿದ ಮೇಲೆ ಬಾಣವನ್ನು ಮತ್ತೆ ಹೂಡಿದಳು.

"ಸಿದ್ದರಾಜಪ್ಪಾ, ನಿಮ್ಗೆ ಅಣ್ಣ ತಮ್ಮ?"

"ಹೆಜ್ಜಾರ್ಲೆ ಅಮ್ಮಾ, ಹೆಜ್ಜಾರ್ಲೆ! ಕೊಕ್ಕಿನ ಕೆಳಗೆ ಚೀಲ ನೋಡಿ!"

ಹೆಜ್ಜಾರ್ಲೆಯ ಚೀಲದಲ್ಲಿ ಮೀನಿತ್ತೋ ಇಲ್ಲವೋ, ಸಿದ್ದರಾಜು ಅವರ ಗಂಟಲಿನಲ್ಲಿ ಮಾತ್ರ ಏನೋ ಇತ್ತು. ಮಂಗಟ್ಟೆಯ ಬೋನಿನ ಹತ್ತಿರವೂ ಹಾಗೇ ಆಯಿತು, ಬಂಗಾರದ ಫೆಸೆಂಟಿನ ಹತ್ತಿರವೂ ಆಯಿತು. ಹಿರಿಯರ ಸುದ್ದಿ ಎತ್ತಿದರೆ ಸಾಕು, ಎಲ್ಲಿಂದಲೋ ಒಂದು ಹಕ್ಕಿ ಹಾರಿಬರುತ್ತಿತ್ತು. ತಾಯತ್ತೆ ನನ್ನ ತೋಳು ಚಿವುಟಿದಳು. ಮುಂದೆ ಸುಮಾ, ಮಂಜು ಇಬ್ಬರೂ ಏನೋ ಮಾತಾಡಿಕೊಂಡು ಹೋಗುತ್ತಿದ್ದರು. ಫೆಸೆಂಟಿನ ಕುತ್ತಿಗೆಯ ಗೆರೆಗಳನ್ನು ಅವಳು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸುತ್ತಿದ್ದಳು, ಸೀರೆಯ ಮೈಗೆ ಬುಟ್ಟಾ ಹೇಗೆ ಕೂರಿಸಬಹುದೆಂದು. ಅವನು ಹಕ್ಕಿಯನ್ನು ಬಿಟ್ಟು ಬೆರಳನ್ನು ನೋಡುತ್ತಿದ್ದ. ಈ ಮುದುಕಿ ಉಹೂಂ ಅಂದರೆ ಏನು ಗತಿ?

ಅದೇ ಹೊತ್ತಿಗೆ ಕಾಗೆ ಬಂತು.

ಕ್ಯಾಸೊವರಿ ಎಂಬ ದೊಡ್ಡ ಹಕ್ಕಿಯ ಆವರಣದ ಎದುರಿಗೆ ಒಂದು ಮರ. ಅದರಲ್ಲಿ ಗೂಡಿತ್ತೋ ಏನೋ, ಮರದ ಕೆಳಗೆ ನಿಂತಿದ್ದ ಮಂಜುವಿನ ನಡುನೆತ್ತಿಗೆ ಕಾಗೆಯೊಂದು ಸರ್ರನೆ ಇಳಿದು ಫಟ್ಟೆಂದು ಬಡಿದು ಹೋಯಿತು. ಹುಡುಗ ತಲೆ ಸವರಿಕೊಂಡು ನಕ್ಕ. ಅವನ ತಾಯಿ ನಗಲಿಲ್ಲ. ತಾಯತ್ತೆ ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕುಕ್ಕರಿಸಿದಳು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರು ಕೇಳಿ. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೆ ಪರಿಹಾರ, ಮುಟ್ಟಿಸಿಕೊಂಡವನು ಸತ್ತನೆಂದು ನಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದು ನಂಬಿ ಅತ್ತರೆ ಸಾವಿಗೆ ಸಲ್ಲಬೇಕಾದ ಕಣ್ಣೀರು ಸಂದ ಹಾಗಾಯಿತು, ದೋಷ ಕಳೆಯಿತು. ಶಾಗ್ಯದಲ್ಲಿ ತಾಯತ್ತೆಯ ಮಾವನಿಗೆ ಹೀಗೇ ಮುಟ್ಟಿ, ಒಡೆಯರಪಾಳ್ಯದ ಕಡೆ ಕೊಟ್ಟಿದ್ದ ಅವರ ತಂಗಿಗೆ ಸೈಕಲ್ಲಿನಲ್ಲಿ ಸುದ್ದಿ ಹೋಯಿತಂತೆ. ಆಯಮ್ಮ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಬಂದು ನೋಡಿದರೆ, ಅಣ್ಣ ಜಗಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದಾನೆ. ಅದೇ ಮುದ್ದೆಯ ಕೋಲಿನಲ್ಲಿ ಬಾರಿಸಿದಳಂತೆ. "ಆಮ್ಯಾಕೆ ನಮ್ ಮಾವ ಬೋ ಕಾಲ ಬಾಳಿದ್ರು" ಎಂದು ತಾಯತ್ತೆ ಕಥೆ ಮುಗಿಸುತ್ತಾಳೆ. ಕಣ್ಣೀರಿನಿಂದಲೋ ಏಟಿನಿಂದಲೋ ಎಂದು ನಾನು ಕೇಳಿಲ್ಲ.

ಓದಿದವರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತಂತೆ. ನಮ್ಮೂರಿನಲ್ಲಿ ಹಣ್ಣಿನ ಬದಲು ಕೊಂಬೆ ಮುರಿಯುತ್ತದೆ, ಅಷ್ಟೇ ವ್ಯತ್ಯಾಸ. ನ್ಯಾಯವೇನೋ ಸರಿ. ಆದರೆ ಆ ತಾಳೆಹಣ್ಣು ಭಾವೀ ಅಳಿಯನ ತಲೆಯಾಗಿದ್ದರೆ ಯಾವ ಪಂಡಿತನಾದರೂ ಎದ್ದು ಹೋಗಿ ಸ್ನಾನ ಮಾಡಿಸುತ್ತಾನೆ.

ತಾಯತ್ತೆ ಮೊದಲು ಕಾಗೆಯ ಅಧಿಕಾರವನ್ನು ವಿಚಾರಿಸಿದಳು. ಇಲ್ಲಿರುವ ಹಕ್ಕಿಗಳೆಲ್ಲ ಸರ್ಕಾರದ ಅನ್ನ ತಿನ್ನುವಂಥವು, ಬೋನಿನ ಹಕ್ಕಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಶಕುನವಲ್ಲ, ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲವಲ್ಲ. ಆದರೆ ಕಾಗೆ? ಗರಿಯ ಗಲಾಟೆಯಿಂದ ನಮ್ಮ ಮೇಲೆ ಕಣ್ಣಿಟ್ಟು ಹಿಂದೆಯೇ ಬರುತ್ತಿದ್ದ ಕಾವಲಿನವರನ್ನು ಕರೆದಳು.

"ಸಾ, ಆ ಕಾಗೆ ನಿಮ್ದಾ?"

"ಕಾಗೇನ ಯಾರಮ್ಮ ಸಾಕ್ತಾರೆ? ಬೋರ್ಡ್ ಅದೆಯಾ ಅದ್ಕೆ? ಹೊರಗಡೆಯಿಂದ ಬತ್ತದೆ, ತಿಂತದೆ, ಓಯ್ತದೆ."

"ಅಂಗಂದ್ರೆ ಪೂರಾ ಕಾಗೆನೇ" ಎಂದಳು ತಾಯತ್ತೆ. ತೀರ್ಪಾಯಿತು. "ಯಾರಿಗಾರ ಫೋನ್ ಆಕಿ. ಅಳೋರ್ಗೆ ಆಕಿ. ಇದ್ ಕಳೀದೆ ನಾನು ಮಾತೆತ್ತಕಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಯಳಂದೂರಿನ ಮನೆಯಲ್ಲಿ ಮಂಜುವಿನ ಅಜ್ಜಿ, ಅವನ ತಾಯಿಯ ತಾಯಿ, ಒಬ್ಬರೇ ಇದ್ದರು. ಅವರಿಗೆ ಫೋನು ಹೋಯಿತು. ಹುಡುಗನ ತಾಯಿ ದನಿ ಒಡೆಸಿಕೊಂಡು, "ಅವ್ವಾ, ನಮ್ ಮಂಜು..." ಎಂದು ಬಾಯಿ ತೆರೆದರೋ ಇಲ್ಲವೋ, ಆ ಕಡೆಯಿಂದ ಬಂತು: "ಕಾಗೆ ಮುಟ್ತಾ? ಎಲ್ ಮುಟ್ತು? ತಲ್ಗಾ, ಬುಜಕ್ಕಾ? ನಾನ್ ಅಳಾಕಿಲ್ಲ ಕಣವ್ವ, ಕಣ್ಣಾಪ್ರೇಸನ್ ಆಗದೆ, ಡಾಕ್ಟ್ರು ಅಳ್ಬ್ಯಾಡ ಅಂದವ್ರೆ."

ಮುಂದಿನದು ಮಾರ್ಟಳ್ಳಿಯಲ್ಲಿರುವ ಅವನ ಚಿಕ್ಕಮ್ಮನಿಗೆ. ಗಡಿಯಲ್ಲಿದ್ದು ಇದ್ದು ಆಕೆಯ ಮಾತಿನಲ್ಲಿ ಅರ್ಧ ತಮಿಳು. ಈ ಸಲ ದನಿ ಗುರುತು ಸಿಗಬಾರದೆಂದು ನನ್ನ ಹೆಂಡತಿಯ ಕೈಗೆ ಫೋನು ಕೊಟ್ಟರು. ಮಂಜುವಿಗೆ ಹೀಗಾಯಿತು ಎಂದು ಇವಳು ಹೇಳಿದಳು. "ಯಾರಮ್ಮಾ ನೀ? ಆಸ್ಪತ್ರೆಯಿಂದ ಪೇಸ್ರದಾ? ಈಗ ದುಡ್ ಕಳ್ಸು ಅಂತೀಯಾ, ಓಟೀಪಿ ಯೋಳು ಅಂತೀಯಾ. ಓದ್ ವಾರ ನಮ್ ಪಕ್ಕದ್ ಮನೆಗೂ ಇಂಗೇ ಬಂತು. ಪೋಮ್ಮಾ, ಪೋ! ಪೊಲೀಸ್‌ಗೆ ಕೊಡ್ತೀನಿ ನಂಬ್ರ!" ಫೋನು ಕಟ್ಟಾಯಿತು. ನನ್ನ ಹೆಂಡತಿ ಹುಟ್ಟಿದ ಮೇಲೆ ಅವಳನ್ನು ಯಾರೂ ಹಾಗೆ ಬೈದಿರಲಿಲ್ಲ. ನಾನು ಸೇರಿ.

ಆಗ ನನಗೆ ಹೊಳೆಯಿತು, ಕಾಲ ಎಂಥದ್ದು ಬಂತು! ಹಳಬರಿಗೆ ಶಾಸ್ತ್ರ ಗೊತ್ತು, ಹೊಸಬರಿಗೆ ಮೋಸ ಗೊತ್ತು. ಇಬ್ಬರೂ ಅನುಮಾನದ ಬೇಲಿ ಹಾಕಿಕೊಂಡು ಕೂತಿದ್ದಾರೆ. ಇನ್ನು ಒಬ್ಬ ಮನುಷ್ಯನಿಗಾಗಿ ಥಟ್ಟನೆ ಅಳುವವರನ್ನು ಎಲ್ಲಿಂದ ತರುವುದು?

ಮಂಜು ನೆಲ ನೋಡುತ್ತ ಮೆಲ್ಲಗೆ ಅಂದ: "ದೊಡ್ಡಪ್ಪ ಅವ್ರೆ."

"ಸುಮ್ಕಿರ್ಲಾ!" ಸಿದ್ದರಾಜು ಗದರಿದರು.

ತಾಯತ್ತೆ ನಿಧಾನವಾಗಿ ತಲೆಯೆತ್ತಿದಳು. "ಯಾವ ದೊಡ್ಡಪ್ಪ?"

ಸಿದ್ದರಾಜು ಸುತ್ತಲೂ ನೋಡಿದರು. ತೋರಿಸಲು ಹಕ್ಕಿ ಉಳಿದಿರಲಿಲ್ಲ, ಕ್ಯಾಸೊವರಿ ಕೂಡ ಆ ಹೊತ್ತಿಗೆ ಮರೆಗೆ ಹೋಗಿತ್ತು. ಹೇಳಲೇಬೇಕಾಯಿತು. ಹನೂರಿನಲ್ಲಿ ಅವರ ಅಣ್ಣ ಮಾದಪ್ಪ, ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಸಿದ್ದರಾಜು ಅವರ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಪ್ರೆಸ್ಸಿನವನು ಅಣ್ಣನ ಹೆಸರನ್ನು ತಮ್ಮನ ಹೆಸರಿನ ಕೆಳಗೆ ಹಾಕಿಬಿಟ್ಟ. ತಿದ್ದಿ ಹೊಸದಾಗಿ ಅಚ್ಚು ಹಾಕಿಸು ಎಂದರು ಅಣ್ಣ. ಹಂಚಿ ಆಗಿದೆಯಲ್ಲ ಎಂದರು ತಮ್ಮ. ಅಣ್ಣ ಮದುವೆಗೆ ಬರಲಿಲ್ಲ. ತಮ್ಮ ಕರೆಯಲು ಹೋಗಲಿಲ್ಲ. ಆಮೇಲೆ ಮಾತೇ ಇಲ್ಲ. ಮಂಜುವನ್ನು ಸಾಕಿದ್ದು, ಸ್ಕೂಲಿಗೆ ಬಿಟ್ಟದ್ದು, ಮೋಟಾರಿನ ಕೆಲಸಕ್ಕೆ ಸೇರಿಸಿದ್ದು ಎಲ್ಲಾ ಆ ದೊಡ್ಡಪ್ಪನೇ.

"ಮನೆಗ್ ಇರೀಕನ್ನೇ ಬಚ್ಚಿಟ್ಟು ಎಣ್ಣು ಕೇಳಾಕ್ ಬಂದ್ರಾ?" ತಾಯತ್ತೆಯ ದನಿ ತಣ್ಣಗಿತ್ತು. ಅವಳ ದನಿ ಏರಿದರೆ ನಾನು ಹೆದರುವುದಿಲ್ಲ, ಇಳಿದರೆ ಹೆದರುತ್ತೇನೆ. ಕೈಚೀಲ ಹೆಗಲಿಗೆ ಏರಿತು. "ನಡೀಲಾ ನಾಗರಾಜ."

ಮುಗಿಯಿತು ಅಂದುಕೊಂಡೆ. ಸುಮಾ ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು. ಕೈಚೀಲವನ್ನು ಹೆಗಲಿನಿಂದ ಇಳಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಜ್ಜೀ, ಕಾಗೆ ದೋಷ ಹಾಗೇ ಬಿಟ್ಟು ಹೋದ್ರೆ ಆಯ್ತದಾ? ಮದ್ವೆ ಆಗ್ಲಿ ಬಿಡ್ಲಿ, ಅವ್ರ ತಲೆ ಅಲ್ವಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ನೀನೇ ಮಾಡು. ನಿನ್ ದನಿ ಅವ್ರಿಗೆ ಗೊತ್ತಿಲ್ಲ."

ತಾಯತ್ತೆ ಚೀಲ ವಾಪಸ್ಸು ಕೇಳಲಿಲ್ಲ. ಏಳಲೂ ಇಲ್ಲ.

ಸುಳ್ಳು ಹೇಳುವುದಕ್ಕೆ ನಮ್ಮಲ್ಲಿ ಕಾಗೆ ಹಾರಿಸುವುದು ಎನ್ನುತ್ತಾರೆ. ಹಾರಿಹೋದ ಒಂದು ಕಾಗೆಗಾಗಿ ಇನ್ನೊಂದನ್ನು ಹಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದರು. ರಿಂಗಾಯಿತು. ಎತ್ತಿದರು. ಹಿಂದೆ ಮಿಲ್ಲಿನ ಗಡಗಡ.

"ಯಾರು?"

"ಮಾದಪ್ಪನೋರಾ? ಯಳಂದೂರಿನ ಕಡೆಯಿಂದ ಸಾ. ಮೋ... ಮೋಟಾರ್ ಮಂಜು ಅಂತ ಅವ್ನಲ್ಲ..." ಎದುರಿಗೆ ಆ ಹುಡುಗ ಉಸಿರಾಡಿಕೊಂಡು ನಿಂತಿದ್ದಾನೆ. "ಓಗ್ಬುಟ್ಟ ಸಾ."

ಆ ಕಡೆ ಮಿಲ್ಲಿನ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಯಾರು, ಏನು, ಎಲ್ಲಿಂದ ಫೋನು ಮಾಡುತ್ತಿದ್ದೀಯಾ, ಯಾವುದನ್ನೂ ಆ ಮನುಷ್ಯ ಕೇಳಲಿಲ್ಲ. ಮುನಿಸಿಕೊಂಡ ಮನೆಯಿಂದ ಫೋನು ಬಂದರೆ ಅದು ಒಂದೇ ಸುದ್ದಿಗೆ ಎಂದು ಅವರು ಎಂದೋ ನಿರ್ಧಾರ ಮಾಡಿಟ್ಟುಕೊಂಡಿದ್ದರೋ ಏನೋ. ಆಮೇಲೆ ಒಂದು ದನಿ ಬಂತು. ಅದನ್ನು ಅಳು ಎನ್ನಲೂ ಆಗದು.

"ಕಂದಾ... ನನ್ ಕಂದಾ... ಪತ್ರಿಕೆ ಗಿತ್ರಿಕೆ ಸುಟ್ಟೋಗ್ಲಿ ಕಣೋ... ಒಂದ್ಸಲ ಬಂದು ದೊಡ್ಡಪ್ಪಾ ಅಂದಿದ್ರೆ ಆಗಿತ್ತಲ್ಲೋ..."

ಸಿದ್ದರಾಜು ಕ್ಯಾಸೊವರಿಯ ಬೇಲಿಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಅವರ ಬೆನ್ನು ಅಲ್ಲಾಡುತ್ತಿತ್ತು. ಹಕ್ಕಿ ನೋಡಲು ಬಂದವರೆಲ್ಲ ಸುತ್ತ ಸೇರಿ ನಮ್ಮನ್ನು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಶಾಸ್ತ್ರಕ್ಕೆ ಎಷ್ಟು ಅಳು ಸಾಕೋ ಗೊತ್ತಿಲ್ಲ, ಕೂಗಿಬಿಟ್ಟೆ: "ಸಾ, ಇಲ್ಲ ಸಾ! ಬದುಕವ್ನೆ! ಗುಂಡುಕಲ್ಲಿನಂಗೆ ಅವ್ನೆ! ಕಾಗೆ ಮುಟ್ತು ಸಾ, ಅದ್ಕೆ!"

ಆ ಕಡೆ ಮೂಗು ಸೀಟಿದ ಸದ್ದು. ಅದರ ಹಿಂದೆಯೇ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ನನ್ನ ತಲೆಮಾರುಗಳಲ್ಲಿ ಯಾರನ್ನೂ ಬಿಡಲಿಲ್ಲ. ತಾಯತ್ತೆ ಮಾತ್ರ ಮೆಚ್ಚಿಕೊಂಡು ತಲೆಯಾಡಿಸುತ್ತಿದ್ದಳು, ಅಂಥ ಹಳೇ ಬೈಗುಳ ಕೇಳಿ ಅವಳಿಗೂ ಬಹಳ ದಿನವಾಗಿತ್ತು. ಮಂಜು ಫೋನು ತೆಗೆದುಕೊಂಡು "ದೊಡ್ಡಪ್ಪಾ" ಎಂದ. ಅಷ್ಟೇ ಅಂದದ್ದು. ಬೈಗುಳ ನಿಂತಿತು. ಕೊನೆಗೆ ಫೋನು ಬೇಲಿಯ ಹತ್ತಿರ ಹೋಯಿತು.

"ಅಣ್ಣಾ."

"ಯಾವನು?"

"ನಾನ್ ಕಣಣ್ಣ. ಸಿದ್ದ."

ಆ ಕಡೆ ಮತ್ತೆ ಮೂಗು ಸೀಟಿದ ಸದ್ದು.

"ಉಂಡ್ಯಾ ಅಣ್ಣಾ?"

"ಈಗ್ ಫೋನ್ ಮಾಡಿದ್ನಲ್ಲ, ಅವನ್ ಯಾರು?"

"ಎಣ್ಣಿನ್ ಅಪ್ಪ. ಮಂಜೂಗೆ ನೋಡ್ತಾ ಇದ್ವಲ್ಲ, ಕೊಳ್ಳೇಗಾಲದೋರು."

"ಸುಳ್ಳ ಬೋ ಚೆಂದಾಗ್ ಯೋಳ್ತಾನಲ್ಲೋ. ವಸಿ ಇಚಾರ್ಸಿದ್ದೀರಾ ಅವ್ರ ಮನೆತನವ? ಇಲ್ಲಾ ಸುಮ್ಕೆ ಓಗಿ ಕೂತಿದ್ದೀರಾ?"

ಸ್ಪೀಕರು ಇನ್ನೂ ಹಾಕಿಯೇ ಇತ್ತು.

ಅವತ್ತು ತಾಯತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಉಳಿದ ಹಕ್ಕಿಗಳನ್ನೂ ನೋಡಿಕೊಂಡು ಟೆಂಪೋ ಹತ್ತಿದಳು. ದಾರಿಯಲ್ಲಿ ಸುಮಾ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಮನೆಯಲ್ಲಿ ಕೆಲವು ದಿನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಫೋನು ಕೆಳಗಿಟ್ಟ ಮೇಲೆ ಮಗಳು ನಗುವುದೂ ನಿಂತಿತ್ತು.

ಹೀಗಿರುವಾಗ ನಮ್ಮ ಬೀದಿಯ ಟೈಲರು ಒಂದು ಬೆಳಗ್ಗೆ ಓಡಿಬಂದ. "ಅಣ್ಣಾ, ಯಾರೋ ಹನೂರಿನೋರಂತೆ, ಮೈಯೆಲ್ಲ ಹಿಟ್ಟು, ನಿನ್ನೆಯಿಂದ ನಿಮ್ ವಿಚಾರ ಕೇಳ್ತಾವ್ರೆ. ನನ್ನನ್ನೂ ಕೇಳುದ್ರು, ಕಾಫಿ ಪುಡಿ ಅಂಗ್ಡೀಲೂ ಕೇಳವ್ರೆ. ಕುಡೀತಾನಾ, ಜಗಳಗಂಟನಾ, ಸುಳ್ಳು ಯೋಳ್ತಾನಾ ಅಂತ. ಸುಳ್ಳು ಅನ್ನೋದೇ ಗೊತ್ತಿಲ್ಲ ಸಾ ಅವ್ರಿಗೆ ಅಂದೆ. ನಾನೇ ಕಿವಿಯಾರೆ ಕೇಳಿವ್ನಿ ನಡೀ ಅಂದ್ಬುಟ್ರು!"

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಇದೇ ಬೀದಿಯಲ್ಲಿ ಬಾಳಿದ ಮನೆತನ ನಮ್ಮದು. ಒಳಗೆ ಹೋಗಿ ತಾಯತ್ತೆಗೆ ಹೇಳಿದೆ, ಈ ಅವಮಾನ ಬೇಡ, ಈ ಸಂಬಂಧವೂ ಬೇಡ ಎಂದು ಬಾಯಿ ತಪ್ಪಿ ಅಂದೂಬಿಟ್ಟೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಪೆದ್ದ ಕಣ್ಲಾ ನೀನು. ಸುಮ್ಕೆ ಬುಟ್ಟೋರು ಅನುಮಾನ ಪಡಾಕಿಲ್ಲ. ಆಸೆ ಇರೋರೇ ಪಡೋದು. ಬಿಸ್ಲಲ್ಲಿ ಅಲೀತಾವ್ನಲ್ಲ ಮುದುಕ, ಯಾರಿಗೋಸ್ಕರ ಅಂದ್ಕಂಡೆ? ಇಂಗೆ ಅಲೆಯೋ ಇರೀಕ ಒಬ್ಬ ಆ ಮನೇಲವ್ನೆ ಅಂದ್ಮ್ಯಾಕೆ ನಮ್ ಕೂಸು ಅಲ್ಲಿ ಕೆಡಾಕಿಲ್ಲ. ಹೂಂ. ಓಗು, ಕರ್ಕಂಡ್ ಬಾ."

ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವಳ ಕುರ್ಚಿ ಕಿರ್ರೆಂದಿತು.

ಮಾದಪ್ಪನವರು ಕಾಫಿ ಪುಡಿ ಅಂಗಡಿಯ ಎದುರಿಗೇ ಸಿಕ್ಕರು. ಎತ್ತರದ ಆಳು, ಹುಬ್ಬಿನ ಮೇಲೂ ಹಿಟ್ಟು. ನಾನು ಬಾಯಿ ತೆರೆದದ್ದೇ ತಡ, ದನಿ ಗುರುತು ಹಿಡಿದು ಮೇಲಿಂದ ಕೆಳಗೆ ನೋಡಿದರು. ನಾನೂ ನೋಡಿದೆ. ಇಬ್ಬರೂ ಮನೆಯ ತನಕ ನಡೆದೆವು. ಜಗಲಿಯ ಮೇಲೆ ಕೂತರು. ಸುಮಾ ಕಾಫಿ ತಂದು ಕೊಟ್ಟಳು. ಅವರು ಲೋಟವನ್ನು ಮುಖದ ಹತ್ತಿರ ತಂದು ಮೊದಲು ಮೂಸಿದರು, ಆಮೇಲೆ ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದು ಗಟ್ಟಿಯಾಗಿದೆಯೋ ಇಲ್ಲವೋ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ಲೋಟದ ಕಡೆ ಕಣ್ಣು ಹಾಯಿಸಿ, ನಾನು ಒಂದು ಗುಟುಕು ಕುಡಿದದ್ದನ್ನು ಕಂಡ ಮೇಲೆ, ತಾವೂ ಕುಡಿದರು.

ಬಾಗಿಲಲ್ಲಿ ನಿಂತಿದ್ದ ತಾಯತ್ತೆ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಹೌದು, ನಮ್ಮವರೇ.